ತಿರುಗುವ ನಾಜಲ್: ದಾವಣಗೆರೆಯ ರಿಪೇರಿ ಟೇಬಲ್ಲಿಗೆ ಬರುವ ಪ್ರಶ್ನೆಗಳು

ಪ್ರೆಷರ್ ವಾಷರ್, ಸ್ಪ್ರೇ ಪಂಪು, ಗನ್ನು ರಿಪೇರಿ ಮಾಡುವುದು ನನ್ನ ಕಸುಬು. ಅಂಗಡಿ ದಾವಣಗೆರೆಯಲ್ಲಿ. ಗಿರಾಕಿಗಳು ಹೆಚ್ಚಾಗಿ ಹರಿಹರ, ಮಲೇಬೆನ್ನೂರು, ಚನ್ನಗಿರಿ ಕಡೆಯವರು; ಚಿತ್ರದುರ್ಗ, ಹೊಳಲ್ಕೆರೆಯಿಂದಲೂ ಬರುತ್ತಾರೆ. ಟರ್ಬೊ ನಾಜಲ್, ರೋಟರಿ ನಾಜಲ್, ತಿರುಗೋ ನಾಜಲ್ ಅಂತ ಒಬ್ಬೊಬ್ಬರು ಒಂದೊಂದು ಹೆಸರಲ್ಲಿ ಕರೆಯುವ ಸಾಮಾನು ಒಂದೇ: ಪ್ರೆಷರ್ ವಾಷರ್ ಗನ್ನಿನ ತುದಿಗೆ ಹಾಕುವ, ನೀರಿನ ಧಾರೆಯನ್ನು ಸುತ್ತಿಸುವ ಮೂತಿ. ಅದರ ಬಗ್ಗೆ ಫೋನಿನಲ್ಲಿ ಹೇಳಿದ್ದನ್ನೇ ಹೇಳಿ ಗಂಟಲು ಒಣಗಿತು, ಅದಕ್ಕೆ ಬರೆದಿಟ್ಟಿದ್ದೇನೆ. ಓದಿ, ಆಮೇಲೂ ಅರ್ಥವಾಗದಿದ್ದರೆ ನಾಜಲ್ ತಗೊಂಡೇ ಬನ್ನಿ.

ಟರ್ಬೊ ನಾಜಲ್ ಹಾಕಿದರೆ ಪ್ರೆಷರ್ ಜಾಸ್ತಿ ಆಗುತ್ತಾ?

ಆಗುವುದಿಲ್ಲ. ಪಂಪು ನೀರನ್ನು ದಬ್ಬುತ್ತದೆ, ನಾಜಲ್ಲಿನ ಸಣ್ಣ ತೂತು ಅದನ್ನು ತಡೆಯುತ್ತದೆ, ಪ್ರೆಷರ್ ಹುಟ್ಟುವುದು ಅಲ್ಲಿ. ತೂತಿನ ಅಳತೆ ಒಂದೇ ಇದ್ದರೆ ಮಾಮೂಲಿ ನಾಜಲ್ಲಿಗೂ ಟರ್ಬೊಗೂ ಗೇಜಿನ ಮುಳ್ಳು ನಿಲ್ಲುವುದು ಒಂದೇ ಕಡೆ.

ಹಾಗಾದರೆ ಕೊಳೆ ಯಾಕೆ ಬೇಗ ಏಳುತ್ತದೆ? ಯಂತ್ರದ ಜೊತೆ ಬರುವ ಕೆಂಪು ನಾಜಲ್ ನೋಡಿ. ಅದು ಸೊನ್ನೆ ಡಿಗ್ರಿ, ನೀರು ಸೂಜಿಯ ಹಾಗೆ ನೆಟ್ಟಗೆ ಬರುತ್ತದೆ. ಕಚ್ಚು ಜೋರು, ಆದರೆ ತೊಳೆಯುವುದು ಒಂದು ನಾಣ್ಯದಷ್ಟು ಜಾಗ. ಬಿಳಿಯದು 40 ಡಿಗ್ರಿ ಬೀಸಣಿಗೆ. ಅಗಲ ಸಿಗುತ್ತದೆ, ಕಚ್ಚು ಹೋಗುತ್ತದೆ. ಟರ್ಬೊ ಒಳಗೆ ಇರುವುದು ಅದೇ ಸೂಜಿ ಧಾರೆ. ಅದನ್ನೇ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿಸುತ್ತದೆ. ದೀಪಾವಳಿಯಲ್ಲಿ ಹುಡುಗರು ಸುರುಸುರು ಬತ್ತಿ ಗಿರಗಿರ ತಿರುಗಿಸಿದರೆ ಬೆಂಕಿಯ ಬಳೆ ಕಾಣುತ್ತದಲ್ಲ, ಹಾಗೆ. ಕಣ್ಣಿಗೆ 20-25 ಡಿಗ್ರಿಯ ಲಾಳಿಕೆ ಕಾಣುತ್ತದೆ, ನೆಲಕ್ಕೆ ಬೀಳುವುದು ಮಾತ್ರ ಸೂಜಿಯೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಯಾವುದಕ್ಕೆ ಬಳಸಬೇಕು, ಯಾವುದಕ್ಕೆ ಬಾರದು ಅನ್ನುವುದೆಲ್ಲ ಇದರಿಂದಲೇ ಹುಟ್ಟುತ್ತದೆ.

ನನ್ನ ಯಂತ್ರಕ್ಕೆ ಯಾವ ನಂಬರಿನ ನಾಜಲ್ ಸರಿ?

ಆನ್‌ಲೈನಿನಲ್ಲಿ ತರಿಸಿ ಕೈ ಸುಟ್ಟುಕೊಳ್ಳುವುದು ಇಲ್ಲೇ. ನಾಜಲ್ ಮೇಲೆ 025, 030, 040 ಅಂತ ನಂಬರ್ ಕೆತ್ತಿರುತ್ತದೆ. 030 ಅಂದರೆ 3. 4000 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ 3 ಅಮೆರಿಕನ್ ಗ್ಯಾಲನ್ ನೀರು ಬಿಡುವ ತೂತು ಅಂತ ಅರ್ಥ. ನಮ್ಮ ಯಂತ್ರಗಳ ಮೇಲೆ ಪ್ರೆಷರಿಗೆ ಬಾರ್, ನೀರಿಗೆ ಲೀಟರ್ ಬರೆದಿರುವುದರಿಂದ ನಾನು ಈ ಲೆಕ್ಕ ಇಟ್ಟುಕೊಂಡಿದ್ದೇನೆ: ಬಾರ್‌ನ ವರ್ಗಮೂಲ ತೆಗೆದು 0.228ರಿಂದ ಗುಣಿಸಿ, ಬಂದ ಸಂಖ್ಯೆಯಿಂದ ನಿಮಿಷದ ಲೀಟರನ್ನು ಭಾಗಿಸಿ. ಬರುವುದೇ ನಾಜಲ್ ನಂಬರ್.

ಮನೆಬಳಕೆಯ ಯಂತ್ರ 120 ಬಾರ್, ನಿಮಿಷಕ್ಕೆ 6.5 ಲೀಟರ್ ಅಂತಿಟ್ಟುಕೊಳ್ಳಿ. 120ರ ವರ್ಗಮೂಲ ಸುಮಾರು 10.95, ಗುಣಿಸಿದರೆ ಸುಮಾರು 2.5. ಆರೂವರೆಯನ್ನು ಅದರಿಂದ ಭಾಗಿಸಿದರೆ 2.6. ಅದಕ್ಕೆ ಹತ್ತಿರದ್ದು 025 ನಾಜಲ್. 200 ಬಾರ್, 15 ಲೀಟರಿನ ತ್ರೀ ಫೇಸ್ ಯಂತ್ರಕ್ಕೆ ಇದೇ ಲೆಕ್ಕ ಮಾಡಿದರೆ 4.65 ಬರುತ್ತದೆ, 045 ಹಾಕಿ.

ಒಂದು ಎಚ್ಚರ. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುವುದು ಗರಿಷ್ಠ ಪ್ರೆಷರ್, ಗರಿಷ್ಠ ಲೀಟರ್. ಅವೆರಡೂ ಒಟ್ಟಿಗೆ ಸಿಗುವುದಿಲ್ಲ. ಯಂತ್ರದ ತಗಡಿನ ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿ ರೇಟೆಡ್ ಅಂತ ಇರುತ್ತದೆ, ಲೆಕ್ಕಕ್ಕೆ ಅದನ್ನು ತಗೊಳ್ಳಿ.

ನಂಬರ್ ತಪ್ಪಿದರೆ ಏನಾಗುತ್ತದೆ? ಅದೇ ಮನೆ ಯಂತ್ರಕ್ಕೆ 030 ಹಾಕಿದರೆ ಪ್ರೆಷರ್ 90 ಬಾರ್ ಆಸುಪಾಸಿಗೆ ಇಳಿಯುತ್ತದೆ, ಟರ್ಬೊ ಸೋಮಾರಿಯಾಗಿ ತಿರುಗುತ್ತದೆ. 020 ಹಾಕಿದರೆ ಕಷ್ಟ ಪಂಪಿಗೆ. ಪ್ರೆಷರ್ 200ರತ್ತ ಏರಲು ನೋಡುತ್ತದೆ, ಹೆಚ್ಚಾದ ನೀರನ್ನು ಪಂಪಿಗೇ ವಾಪಸ್ ತಿರುಗಿಸುವ ಅನ್‌ಲೋಡರ್ ವಾಲ್ವು ತೆರೆದು ಮುಚ್ಚಿ ಟಕಟಕ ಬಡಿಯುತ್ತದೆ, ಮೋಟಾರು ಕಾದು ನಿಲ್ಲುತ್ತದೆ. "ನಾಜಲ್ ಹೊಸದು, ಪಂಪು ಹಾಳಾಗೈತಿ ನೋಡ್ರಿ" ಅಂತ ಬರುವವರ ಕೈಗೆ ಸರಿಯಾದ ನಂಬರಿನ ನಾಜಲ್ ಕೊಟ್ಟು ವಾಪಸ್ ಕಳಿಸಿದ್ದು ಎಷ್ಟು ಸಲವೋ. ಎರಡು ನಂಬರಿನ ಸರಿಯಾಗಿ ನಡುಮಧ್ಯೆ ಸಿಕ್ಕಿಕೊಂಡು ಗೊಂದಲವಾದರೆ ದೊಡ್ಡದನ್ನೇ ತಗೊಳ್ಳಿ. ಕೆಲಸ ಸ್ವಲ್ಪ ನಿಧಾನವಾಗುತ್ತದೆ, ಪಂಪು ಉಳಿಯುತ್ತದೆ.

ವಾಟರ್ ಸರ್ವಿಸ್‌ನ ಬೆಲ್ಟ್ ಪಂಪಿಗೆ ಹಾಕಬಹುದಾ?

ಹೆದ್ದಾರಿ ಬದಿಯ ಲಾರಿ ಸರ್ವಿಸ್ ಸ್ಟೇಷನ್‌ಗಳಲ್ಲಿ ಇರುವ ಹಳೇ ಬೆಲ್ಟ್ ಪಂಪುಗಳಲ್ಲಿ ನೀರು ಧಾರಾಳ, ಪ್ರೆಷರ್ ಕಡಿಮೆ. 30-35 ಬಾರ್‌ಗೆ ಮಾಮೂಲಿ ಟರ್ಬೊ ಸರಿಯಾಗಿ ಸುತ್ತುವುದಿಲ್ಲ. 70-100 ಬಾರ್ ಆದರೂ ಬೇಕು. ಮೇಲಾಗಿ ಅಷ್ಟು ನೀರಿಗೆ ಸರಿಹೊಂದುವ ನಂಬರ್ 20 (020 ಅಲ್ಲ, 200) ದಾಟುತ್ತದೆ, ಅಂಗಡಿಯಲ್ಲಿ ಸಿಗುವ ಟರ್ಬೊಗಳಲ್ಲಿ ಅಂಥದ್ದಿಲ್ಲ. ದುಡ್ಡು ಹಾಳು ಮಾಡಿಕೊಳ್ಳಬೇಡಿ.

ನಿನ್ನೆ ಚೆನ್ನಾಗಿತ್ತು, ಇವತ್ತು ತಿರುಗಂಗೇ ಇಲ್ಲಲ್ರೀ?

ನನ್ನ ಟೇಬಲ್ಲಿಗೆ ಅತಿ ಹೆಚ್ಚು ಬರುವ ದೂರು ಇದು. ನಾನು ಮೊದಲು ಕೇಳುವುದು ಒಂದೇ: "ಗನ್ ಒತ್ತುವಾಗ ನಾಜಲ್ ಯಾವ ಕಡೆ ಇತ್ತು?"

ಒಳಗಿನ ಕತೆ ಹೀಗಿದೆ. ನಾಜಲ್ ಹೊಟ್ಟೆಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದು ರೋಟರ್ ಇದೆ. ಅದರ ಮೂತಿ ಸೆರಾಮಿಕ್‌ನದು, ಗುಂಡಗೆ. ಆ ಮೂತಿ ಕೂರುವುದು ಮುಂದಿನ ಸೆರಾಮಿಕ್ ಬಟ್ಟಲಿನಲ್ಲಿ. ಅದಕ್ಕೆ ಸೀಟು ಅನ್ನುತ್ತೇವೆ. ಹಿಂದಿನಿಂದ ನೀರು ಓರೆ ತೂತುಗಳ ಮೂಲಕ ನುಗ್ಗಿ ಸುಳಿ ಏಳುತ್ತದೆ. ಆ ಸುಳಿಗೆ ಸಿಕ್ಕಿ ರೋಟರಿನ ಬಾಲ ಒಳಗೋಡೆಗೆ ಒರಗಿಕೊಂಡು ಗರಗರ ಸುತ್ತುತ್ತದೆ, ಮೂತಿ ಮಾತ್ರ ಬಟ್ಟಲಿನಲ್ಲೇ ಇರುತ್ತದೆ.

ರೋಟರನ್ನು ಬಟ್ಟಲಿಗೆ ಕಟ್ಟಿಹಾಕಿಲ್ಲ, ಸುಮ್ಮನೆ ಕೂತಿದೆ. ನೀವು ನಾಜಲನ್ನು ಆಕಾಶಕ್ಕೆ ಎತ್ತಿ ಹಿಡಿದರೆ ಅದು ಹಿಂದಕ್ಕೆ ಜಾರುತ್ತದೆ. ಆ ಹೊತ್ತಿಗೆ ಟ್ರಿಗರ್ ಒತ್ತಿದರೆ ನೂರು ಬಾರ್‌ನ ನೀರು ಅದನ್ನು ಎತ್ತಿ ಸೀಟಿನ ಅಂಚಿಗೆ ಬಡಿಯುತ್ತದೆ. ನಸೀಬು ಚೆನ್ನಾಗಿದ್ದರೆ ಓರೆಯಾಗಿ ಕೂತು ಸೂಜಿ ಧಾರೆ ನೆಟ್ಟಗೆ ಬರುತ್ತದೆ, ತಿರುಗುವುದಿಲ್ಲ, ಅಷ್ಟೇ. ಇಲ್ಲದಿದ್ದರೆ ಸೆರಾಮಿಕ್ ಸಿಡಿಯುತ್ತದೆ.

ಅದಕ್ಕೇ: ನಾಜಲನ್ನು ಕಾಲ ಮುಂದೆ, ನೆಲದತ್ತ ತಿರುಗಿಸಿ ಹಿಡಿಯಿರಿ. ಟ್ರಿಗರ್ ಒತ್ತಿ. ಗುಂಯ್ ಅನ್ನುವ ಸದ್ದು ಒಂದೇ ಸಮ ಬಂದ ಮೇಲೆ ಗೋಡೆಗೋ ಮಾಡಿಗೋ ಎತ್ತಿ. ತಿರುಗಲು ಶುರುವಾದ ಮೇಲೆ ಎತ್ತ ಹಿಡಿದರೂ ತೊಂದರೆಯಿಲ್ಲ, ನೀರಿನ ಒತ್ತಡವೇ ಅದನ್ನು ಸೀಟಿಗೆ ಅಮುಕಿಕೊಂಡಿರುತ್ತದೆ. ಮಧ್ಯೆ ಟ್ರಿಗರ್ ಬಿಟ್ಟಿರಾ? ಮತ್ತೆ ಕೆಳಕ್ಕೆ ಇಳಿಸಿಯೇ ಒತ್ತಬೇಕು. ಚಟ್‌ಪಟ್ ಅಂತ ಟ್ರಿಗರ್ ಜೊತೆ ಆಟವಾಡುವವರ ನಾಜಲ್ ಬೇಗ ಸಾಯುತ್ತದೆ, ಒಂದೊಂದು ಒತ್ತಿಗೂ ಸೀಟಿಗೆ ಒಂದೊಂದು ಏಟು ಬೀಳುತ್ತಿರುತ್ತದೆ.

ಕೆಳಗೆ ಹಿಡಿದು ಒತ್ತಿದರೂ ತಿರುಗದಿದ್ದರೆ ನಾಜಲ್ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ. ಕಟಕಟ ಅಂದರೆ ರೋಟರ್ ಬಿಡುವಾಗಿದೆ, ತಪ್ಪು ಪ್ರೆಷರಿನಲ್ಲೋ ತೂತಿನಲ್ಲೋ ಹುಡುಕಬೇಕು. ಸದ್ದೇ ಬರದಿದ್ದರೆ ಒಳಗೆ ಮರಳೋ ಸುಣ್ಣವೋ ಕಚ್ಚಿಕೊಂಡಿದೆ.

ತಿರುಗುತ್ತೆ, ಆದರೆ ಕೆಮ್ಮಿ ಕೆಮ್ಮಿ ತಿರುಗುತ್ತೆ.

ಪಂಪು ಗಾಳಿ ಕುಡಿಯುತ್ತಿದೆ. ಡ್ರಮ್ಮಿನಿಂದ ನೀರು ಎಳೆಯುವವರಲ್ಲಿ ಇದು ಮಾಮೂಲಿ. ಸಕ್ಷನ್ ಪೈಪಿನ ಕ್ಲಿಪ್ಪು ಸಡಿಲ ಇರಬಹುದು, ವಾಷರ್ ಒಣಗಿರಬಹುದು, ಡ್ರಮ್ಮಿನಲ್ಲಿ ನೀರೇ ತಳ ಸೇರಿರಬಹುದು. ನಾಜಲ್ ತೆಗೆದು ಟ್ರಿಗರ್ ಒತ್ತಿ ಹಿಡಿದು ಗಾಳಿಯೆಲ್ಲ ಹೊರಬಿದ್ದು ನೀರು ಎಡೆಬಿಡದೆ ಬಂದ ಮೇಲೆ ನಾಜಲ್ ಹಾಕಿ.

ಸಂಜೆ ವೋಲ್ಟೇಜ್ ಇಳಿದಾಗಲೂ ಹೀಗಾಗುತ್ತದೆ. ಕಾರ್ಬನ್ ಬ್ರಶ್ ಇರುವ ಮನೆ ಯಂತ್ರದ ಮೋಟಾರು ವೋಲ್ಟೇಜ್ ಇಳಿದ ಹಾಗೆ ನಿಧಾನವಾಗುತ್ತದೆ, ನೀರು ಕಡಿಮೆಯಾಗುತ್ತದೆ, ರೋಟರ್ ತೂಕಡಿಸುತ್ತದೆ. ಇಂಡಕ್ಷನ್ ಮೋಟಾರು ಅಷ್ಟು ನಿಧಾನವಾಗುವುದಿಲ್ಲ, ಬದಲಿಗೆ ಕರೆಂಟು ಜಾಸ್ತಿ ಎಳೆದು ಕಾಯುತ್ತದೆ. ಬೆಳಿಗ್ಗೆ ತೊಳೆಯಿರಿ. ಐವತ್ತು ಮೀಟರ್ ಸಣ್ಣ ವೈರು ಎಳೆದು ಹಿತ್ತಲಲ್ಲಿ ನಡೆಸುವುದೂ ವೋಲ್ಟೇಜ್ ಇಳಿಸಿದಂತೆಯೇ.

ನಮ್ಮದು ಬೋರ್ ನೀರು. ಪರವಾಗಿಲ್ವಾ?

ಪರವಾಗಿಲ್ಲ, ಆದರೆ ಬೋರ್ ನೀರು ನಾಜಲ್ಲಿಗೆ ಎರಡು ಥರ ಏಟು ಕೊಡುತ್ತದೆ, ಎರಡನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳಬೇಕು.

ಮೊದಲನೆಯದು ಮರಳು. ಬೋರ್ ಶುರು ಮಾಡಿದ ಕೂಡಲೇ ಬರುವ ರಾಡಿ ನೀರನ್ನು ನೇರವಾಗಿ ಯಂತ್ರಕ್ಕೆ ಕೊಡಬೇಡಿ. ತೊಟ್ಟಿಗೆ ಬಿಟ್ಟು, ತಿಳಿಯಾದ ಮೇಲೆ ಮೇಲಿನ ನೀರನ್ನು ತಗೊಳ್ಳಿ. ಪೈಪನ್ನು ತೊಟ್ಟಿಯ ತಳಕ್ಕೆ ಮುಟ್ಟಿಸಬೇಡಿ, ಒಂದು ಗೇಣು ಮೇಲಿರಲಿ. ಯಂತ್ರಕ್ಕೆ ನೀರು ಹೋಗುವ ಬಾಯಲ್ಲಿ ಒಂದು ಪ್ಲಾಸ್ಟಿಕ್ ಜಾಲರಿ ಫಿಲ್ಟರ್ ಇರುತ್ತದೆ. "ನೀರು ಕಡಿಮೆ ಬರ್ತಿತ್ತು, ಕಿತ್ತು ಬಿಸಾಕಿದೆ" ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ಅಣ್ಣಾ, ಜಾಲರಿ ಕಟ್ಟಿದ್ದು ಅದರ ತಪ್ಪಲ್ಲ, ಅದರ ಕೆಲಸ. ತೊಳೆದು ಹಾಕಿ. ಜೊತೆಗೆ ಗಾಜಿನಂತೆ ಕಾಣುವ ಬಟ್ಟಲಿನ ಇನ್‌ಲೈನ್ ಫಿಲ್ಟರ್ ಒಂದು ಹಾಕಿಸಿ, ಕೊಳೆ ಕಣ್ಣಿಗೆ ಕಾಣುತ್ತದೆ. ಪಂಪಿನಿಂದ ಈಚೆ, ಹೋಸಿನೊಳಗೂ ತುಕ್ಕು, ರಬ್ಬರ್ ಚೂರು ಇರುತ್ತವೆ. ಹಾಗಾಗಿ ನಾಜಲ್ ಹಾಕುವ ಮುಂಚೆ ಅರ್ಧ ನಿಮಿಷ ಬರೀ ಗನ್ನಿನಿಂದ ನೀರು ಬಿಟ್ಟು ಹೋಸ್ ತೊಳೆದುಕೊಳ್ಳಿ. ಈ ಅರ್ಧ ನಿಮಿಷವನ್ನು ಯಾರೂ ಕೊಡುವುದಿಲ್ಲ.

ಎರಡನೆಯದು ಗಡಸು ನೀರಿನ ಸುಣ್ಣ. ಚಿತ್ರದುರ್ಗದ ಕಡೆ ಸ್ನಾನದ ಹಂಡೆ, ಗೀಸರ್ ಕಾಯಿಲ್ ನೋಡಿದವರಿಗೆ ಬೇರೆ ಹೇಳಬೇಕಿಲ್ಲ, ಅದೇ ಬಿಳಿ ಹೆಕ್ಕಳೆ ರೋಟರಿಗೂ ಕಟ್ಟುತ್ತದೆ. ನೀರು ಹರಿಯುವಾಗ ಅಷ್ಟಾಗಿ ಕಟ್ಟುವುದಿಲ್ಲ. ಕೆಲಸ ಮುಗಿಸಿ ಒಳಗೆ ನೀರು ಬಿಟ್ಟು ಬಿಸಿಲಲ್ಲಿ ಬಿಸಾಡಿದಾಗ ಆ ನೀರು ಒಣಗುತ್ತದಲ್ಲ, ಆಗ ಕಟ್ಟುತ್ತದೆ. ಆದ್ದರಿಂದ ದಿನಾ ನಾಜಲ್ ಬಿಚ್ಚಿ ಕೊಡವಿ, ಬಾಯಿ ಕೆಳಗೆ ಮಾಡಿ ನೆರಳಲ್ಲಿ ಇಡಿ.

ಕಟ್ಟಿಬಿಟ್ಟಿದ್ದರೆ ದಿನಸಿ ಅಂಗಡಿಯ ನಿಂಬೆ ಉಪ್ಪು ಸಾಕು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಹಾಕಿ, ನಾಜಲ್ ಅರ್ಧ ಗಂಟೆ ಮುಳುಗಿಸಿ, ನಡುನಡುವೆ ಅಲ್ಲಾಡಿಸಿ, ಆಮೇಲೆ ಒಳ್ಳೇ ನೀರಲ್ಲಿ ಎರಡೂ ಕಡೆಯಿಂದ ತೊಳೆಯಿರಿ. ಕಕ್ಕಸು ತೊಳೆಯುವ ಆ್ಯಸಿಡ್ ಹಾಕಬೇಡಿ. ಹಿತ್ತಾಳೆ, ಅಲ್ಯೂಮಿನಿಯಂ ತಿಂದುಹಾಕುತ್ತದೆ. ಒಬ್ಬರು ಆ್ಯಸಿಡ್‌ನಲ್ಲಿ ರಾತ್ರಿಯಿಡೀ ನೆನೆಸಿ ತಂದಿದ್ದರು. ಸೆರಾಮಿಕ್ ಹೊಳೆಯುತ್ತಿತ್ತು, ಅದನ್ನು ಹಿಡಿದುಕೊಳ್ಳುವ ತಿರುಪಿನ ಥ್ರೆಡ್ಡು ಕರಗಿಹೋಗಿತ್ತು.

ತೂತಿಗೆ ಸೂಜಿ ಹಾಕಿ ಚುಚ್ಚಲಾ?

ಚಪ್ಪಟೆ ಧಾರೆಯ ಹಿತ್ತಾಳೆ, ಸ್ಟೀಲ್ ನಾಜಲ್ಲಿಗೆ ಚುಚ್ಚಿ. ಟರ್ಬೊದ ಸೆರಾಮಿಕ್ ಮೂತಿಗೆ ಉಕ್ಕಿನ ಸೂಜಿ ಬೇಡ, ಅಂಚು ಚಕ್ಕೆ ಏಳುತ್ತದೆ. ಮುಂದಿನಿಂದ ನಲ್ಲಿ ನೀರು ಬಿಟ್ಟು ಕಸವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಿ. ಆಗದಿದ್ದರೆ ವೈರಿನೊಳಗಿನ ಒಂದು ತಾಮ್ರದ ಎಳೆ ಸಾಕು.

ಮನೆಯಲ್ಲೇ ಬಿಚ್ಚಿ ರಿಪೇರಿ ಮಾಡಬಹುದಾ?

ಮೈಮೇಲೆ ಸ್ಪ್ಯಾನರ್ ಹಿಡಿಯಲು ಚಪ್ಪಟೆ ಅಂಚು ಇದ್ದರೆ ಬಿಚ್ಚಬಹುದು. ನುಣ್ಣಗೆ ಅಂಟಿಸಿದ ಪ್ಲಾಸ್ಟಿಕ್ ಡಬ್ಬಿಯಾದರೆ ಬಿಚ್ಚಲಾಗದು, ಕೆಟ್ಟರೆ ಎಸೆಯುವುದೇ.

ಕಳೆದ ಆಯುಧಪೂಜೆಯ ಹಿಂದಿನ ದಿನ ಟ್ರ್ಯಾಕ್ಟರ್ ತೊಳೆಯಲು ಹೊರಟ ಒಬ್ಬ ಯಜಮಾನರು ಗಡಿಬಿಡಿಯಲ್ಲಿ ತಂದ ನಾಜಲ್ ಹೇಗೆ ಬಿಚ್ಚಿದೆ ಅನ್ನುವುದನ್ನೇ ಹೇಳುತ್ತೇನೆ. ಮೊದಲು ಹೊರಗಿನ ರಬ್ಬರ್ ಕವಚವನ್ನು ಹಿಂದಕ್ಕೆ ಎಳೆದೆ. ವೈಸಿಗೆ ಎರಡು ಮರದ ಪಟ್ಟಿ ಇಟ್ಟು ಮೈಯನ್ನು ಹಿಡಿಸಿದೆ, ಹಿಂಬದಿಯ ಮುಚ್ಚಳವನ್ನು ಸ್ಪ್ಯಾನರ್‌ನಿಂದ ತಿರುವಿದೆ. ಬಿಗಿಯಾಗಿತ್ತು, ಬಿಸಿನೀರು ಹೊಯ್ದ ಮೇಲೆ ಸಡಿಲಾಯಿತು. ಬಾಯಿ ಮೇಲೆ ಮಾಡಿ ಬಿಳಿ ಬಟ್ಟೆಯ ಮೇಲೆ ಕೊಡವಿದಾಗ ರೋಟರ್ ಜಾರಿ ಬಿತ್ತು, ಅದರ ಹಿಂದೆ ರಾಗಿ ಕಾಳಿಗಿಂತ ಸಣ್ಣದೊಂದು ಕಲ್ಲಿನ ಹರಳು. ಅಷ್ಟೇ ಕಾರಣ ಅಂದುಕೊಂಡೆ. ಆದರೆ ಟಾರ್ಚು ಬಿಟ್ಟು ನೋಡಿದರೆ ಸೀಟಿನ ಅಂಚಿನಲ್ಲಿ ಉಗುರಿನ ಅರ್ಧಚಂದ್ರದ ಹಾಗೆ ಒಂದು ಚಕ್ಕೆ ಹಾರಿತ್ತು. ಹರಳು ತೆಗೆದರೆ ಇವತ್ತು ತಿರುಗುತ್ತದೆ. ಚಕ್ಕೆ ಹೋದ ಸೀಟು ರೋಟರಿನ ಮೂತಿಯನ್ನೂ ಸವೆಸಿ ಇನ್ನೊಂದು ತಿಂಗಳಲ್ಲಿ ಎರಡನ್ನೂ ಮುಗಿಸುತ್ತದೆ. ಹಾಗಾಗಿ ಸೀಟು, ರೋಟರ್, ನೀರು ಸೋರದಂತೆ ತಡೆಯುವ ರಬ್ಬರ್ ಉಂಗುರ ಓ-ರಿಂಗ್ ಮೂರೂ ಇರುವ ಕಿಟ್ ಹಾಕಿದೆ. ಒಂದನ್ನೇ ಬದಲಿಸಿ ದುಡ್ಡು ಉಳಿಸುವ ಲೆಕ್ಕ ನಾಜಲ್ ವಿಷಯದಲ್ಲಿ ನಡೆಯುವುದಿಲ್ಲ, ಹಳೇ ಮೂತಿ ಹೊಸ ಸೀಟಿಗೆ ಕೂಡುವುದಿಲ್ಲ.

ಜೋಡಿಸುವಾಗ ಓ-ರಿಂಗಿಗೆ ತುಸು ಸಿಲಿಕಾನ್ ಗ್ರೀಸು ಸವರಿ. ಬೇರಿಂಗ್ ಗ್ರೀಸು, ಇಂಜಿನ್ ಆಯಿಲ್ ಬೇಡ, ಕೆಲವು ರಬ್ಬರ್ ಊದಿಕೊಳ್ಳುತ್ತವೆ. ರೋಟರಿಗೆ ಏನೂ ಹಚ್ಚಬೇಕಿಲ್ಲ, ನೀರೇ ಅದರ ಎಣ್ಣೆ. ನೀರಿಲ್ಲದೆ ಗಾಳಿ ಕಂಪ್ರೆಸರ್ ಹಚ್ಚಿ "ತಿರುಗುತ್ತಾ ನೋಡೋಣ" ಅನ್ನುವ ಆಟವೂ ಬೇಡ.

ಸೋಪು ಟರ್ಬೊದಲ್ಲೇ ಹಾಯಿಸಬಹುದಾ?

ಬೇಡ. ಸೋಪು ಎಳೆಯುವ ಇಂಜೆಕ್ಟರ್ ಕೆಲಸ ಮಾಡುವುದು ಕಡಿಮೆ ಪ್ರೆಷರಿನಲ್ಲಿ, ಅದಕ್ಕೇ ಕಪ್ಪು ನಾಜಲ್ ಕೊಟ್ಟಿರುವುದು. ಕಪ್ಪಿನಿಂದ ಸೋಪು ಹಚ್ಚಿ, ಐದು ನಿಮಿಷ ಬಿಟ್ಟು, ಒಣಗುವ ಮುಂಚೆ ಟರ್ಬೊ ಹಾಕಿ.

ಕಾರು, ಬೈಕು?

ಬೇಡವೇ ಬೇಡ. ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸೂಜಿ ಧಾರೆ ಅದರೊಳಗೆ ನುಗ್ಗಿ ಚಕ್ಕೆ ಎಬ್ಬಿಸುತ್ತದೆ. ಸ್ಟಿಕ್ಕರ್, ರಬ್ಬರ್ ಬೀಡಿಂಗ್, ಬೈಕಿನ ಚೈನಿನ ಓ-ರಿಂಗ್ ಯಾವುದೂ ಉಳಿಯದು. ಟೈರಿನ ಪಕ್ಕಗೋಡೆ ಎಲ್ಲಕ್ಕಿಂತ ಅಪಾಯ. ಒಳಗಿನ ದಾರ ಹರಿದದ್ದು ಆಗ ಗೊತ್ತಾಗುವುದಿಲ್ಲ, ಹೆದ್ದಾರಿಯಲ್ಲಿ ಹೋಗುವಾಗ ಸಿಡಿಯುತ್ತದೆ. ರಬ್ಬರಿನ ಬಣ್ಣ ಮಾಸಿದ್ದು ಕಂಡರೆ ಆಗಲೇ ಏಟು ಬಿದ್ದಿದೆ ಅಂತ ತಿಳಿಯಿರಿ. ಟೈರಿಗೆ ಮಾಮೂಲಿ ನಾಜಲ್ ಬಳಸುವಾಗಲೂ ಒಂದಡಿ ದೂರ ಇರಲಿ.

ಟ್ರ್ಯಾಕ್ಟರ್, ರೋಟವೇಟರ್, ಭತ್ತ ಕಟಾವು ಯಂತ್ರ?

ಟರ್ಬೊ ಕೊಂಡಿದ್ದು ಸಾರ್ಥಕವಾಗುವುದು ಇಲ್ಲೇ. ಭದ್ರಾ ನಾಲೆಯ ಗದ್ದೆಯ ಕೆಸರು ಕೇಜ್ ವೀಲಿನಲ್ಲಿ ಒಣಗಿ ಇಟ್ಟಿಗೆಯಾಗಿರುತ್ತದೆ, ಎರೆ ಮಣ್ಣಾದರೆ ಕೇಳುವುದೇ ಬೇಡ. ಮೊದಲು ಬರೀ ನೀರು ಚಿಮುಕಿಸಿ ಹತ್ತು ನಿಮಿಷ ನೆನೆಯಲು ಬಿಡಿ. ನೆನೆದ ಮಣ್ಣು ಟರ್ಬೊ ಮುಟ್ಟಿದ ಕೂಡಲೇ ಹಪ್ಪಳದಂತೆ ಏಳುತ್ತದೆ. ರೋಟವೇಟರ್ ಬ್ಲೇಡು, ನೇಗಿಲು, ಟ್ರೈಲರಿನ ತಳ, ಕಟಾವು ಯಂತ್ರದ ಚೈನ್ ಟ್ರ್ಯಾಕು ಇವಕ್ಕೆಲ್ಲ ಧೈರ್ಯವಾಗಿ ಹೊಡೆಯಿರಿ.

ಎಲ್ಲಿ ಹೊಡೆಯಬಾರದು: ರೇಡಿಯೇಟರ್ ಜಾಲರಿ (ರೆಕ್ಕೆಗಳು ಮಡಚಿಕೊಂಡು ಗಾಳಿ ನಿಲ್ಲುತ್ತದೆ, ಇಂಜಿನ್ ಕಾಯುತ್ತದೆ), ಬೇರಿಂಗಿನ ಸೀಲು, ಹೈಡ್ರಾಲಿಕ್ ಸಿಲಿಂಡರಿನ ರಾಡು ಒಳಗೆ ಹೋಗುವ ಜಾಗ, ವೈರಿನ ಕಪ್ಲರು, ಆಲ್ಟರ್ನೇಟರ್, ಏರ್ ಫಿಲ್ಟರ್. ತೊಳೆದಾದ ಮೇಲೆ ಗ್ರೀಸ್ ಗನ್ ತಗೊಂಡು ಪ್ರತಿ ನಿಪ್ಪಲ್ಲಿಗೂ ಹೊಸ ಗ್ರೀಸು ಹೊಡೆದು ಒಳಗಿನ ನೀರನ್ನು ಹೊರದಬ್ಬಿ. ತೊಳೆಯಲು ಎರಡು ಗಂಟೆ ಕೊಡುವವರು ಗ್ರೀಸಿಗೆ ಹತ್ತು ನಿಮಿಷ ಕೊಡುವುದಿಲ್ಲ. ಮುಂದಿನ ತಿಂಗಳು ಬೇರಿಂಗು ಕಿರ್ ಅನ್ನುತ್ತದೆ.

ಅಡಿಕೆ ಕಣದ ಚೊಗರಿನ ಕಲೆ ಹೋಗುತ್ತಾ?

ಚನ್ನಗಿರಿ ಕಡೆಯವರ ಪ್ರಶ್ನೆ. ನಿಜ ಹೇಳಬೇಕೆಂದರೆ ಪೂರ್ತಿ ಹೋಗುವುದಿಲ್ಲ, ಹೋಗಿಸಲು ಹೊರಡುವುದೂ ಬೇಡ. ಬೇಯಿಸಿದ ಅಡಿಕೆಯ ಚೊಗರು ಬಣ್ಣದ ಹಾಗೆ ಸಿಮೆಂಟಿನೊಳಕ್ಕೆ ಇಳಿದಿರುತ್ತದೆ. ಮೇಲಿನ ಜಿಗಟು ಏಳುತ್ತದೆ, ಕೆಂಪು ಉಳಿಯುತ್ತದೆ. ಅದನ್ನೂ ತೆಗೆಯುತ್ತೇನೆ ಅಂತ ಹತ್ತಿರ ಹಿಡಿದು ಉಜ್ಜಿದರೆ ಸಿಮೆಂಟಿನ ನುಣುಪು ಹಾರಿ ಒಳಗಿನ ಮರಳು ಹಲ್ಲು ಬಿಡುತ್ತದೆ. ಆಮೇಲೆ ಅದೇ ಕಣದಲ್ಲಿ ಅಡಿಕೆ ಹರವಿದರೆ ಮರಳು ಅಡಿಕೆಗೆ ಹತ್ತುತ್ತದೆ, ಧೂಳು ಗುಡಿಸಿದರೂ ಹೋಗುವುದಿಲ್ಲ. ನಾನಾದರೆ ಕಣಕ್ಕೆ 25 ಡಿಗ್ರಿಯ ಹಸಿರು ನಾಜಲ್ ಹಾಕುತ್ತೇನೆ. ಟರ್ಬೊ ಅಡಿಕೆ ಬೇಯಿಸುವ ಒಲೆಯ ಸುತ್ತಲಿನ ಕಟ್ಟೆಗೆ, ಚರಂಡಿಗೆ ಇರಲಿ.

ಮಂಡಕ್ಕಿ ಭಟ್ಟಿಯ ಮಸಿಗೆ?

ಒಳ್ಳೇ ಕೆಲಸ ಮಾಡುತ್ತದೆ, ಎರಡು ಷರತ್ತಿನ ಮೇಲೆ. ಗೋಡೆ ಪೂರ್ತಿ ಆರಿರಬೇಕು. ಕಾದ ಇಟ್ಟಿಗೆಗೆ ತಣ್ಣೀರು ಬಿದ್ದರೆ ಸೀಳುತ್ತದೆ. ಮಸಿ ಎಣ್ಣೆ ಜಿಡ್ಡಿನದಾದರೆ ಬರೀ ನೀರು ಹರಡುತ್ತದೆಯೇ ಹೊರತು ತೆಗೆಯುವುದಿಲ್ಲ, ಮೊದಲು ಸೋಪು ಹಚ್ಚಿ. ಮಣ್ಣಿನ ಗಾರೆ ಹಾಕಿದ ಹಳೇ ಭಟ್ಟಿಯಾದರೆ ಟರ್ಬೊ ಸಂದಿನ ಮಣ್ಣನ್ನೆಲ್ಲ ಉಗುಳಿಸುತ್ತದೆ, ಅಲ್ಲಿ ಪೊರಕೆಯೇ ಗತಿ.

ತಾರಸಿ ತೊಳೆದ ಮೇಲೆ ಪಟ್ಟೆ ಪಟ್ಟೆ ಉಳಿದಿದೆ.

ಕೈ ನಿಂತ ಕಡೆ ಬಿಳಿ, ಓಡಿದ ಕಡೆ ಕಪ್ಪು. ನಾಜಲ್ ನೆಲದಿಂದ ಒಂದು ಗೇಣಿಗಿಂತ ಹತ್ತಿರ ಬರಬಾರದು. ಕೈ ಒಂದೇ ವೇಗದಲ್ಲಿ ನಡೆಯಬೇಕು, ಹೋದ ಸಾಲಿನ ಅರ್ಧವನ್ನು ಮುಂದಿನ ಸಾಲು ಮತ್ತೆ ಮುಚ್ಚಬೇಕು, ಸೆಗಣಿ ಸಾರಿಸುವವರ ಕೈ ನೋಡಿದ್ದರೆ ಗೊತ್ತಾಗುತ್ತದೆ. ಸಾವಿರ ಅಡಿ ತಾರಸಿ, ದೊಡ್ಡ ಅಂಗಳ ಇದ್ದವರಿಗೆ ಟರ್ಬೊಗಿಂತ ತಟ್ಟೆಯಾಕಾರದ ಸರ್ಫೇಸ್ ಕ್ಲೀನರ್ ವಾಸಿ, ಪಟ್ಟೆ ಬರುವುದಿಲ್ಲ, ಬಟ್ಟೆಗೂ ಸಿಡಿಯುವುದಿಲ್ಲ. ವಾಟರ್‌ಪ್ರೂಫ್ ಪೇಂಟ್ ಹೊಡೆದ ತಾರಸಿಗೆ ಟರ್ಬೊ ತೋರಿಸಬೇಡಿ. ಹೊಸ ಕಾಂಕ್ರೀಟಿಗೆ ಕನಿಷ್ಠ 28 ದಿನ ಕ್ಯೂರಿಂಗ್ ಆಗುವ ತನಕ ಹತ್ತಿರವೂ ಸುಳಿಯಬೇಡಿ.

ಊರ ಹಳೇ ಕಲ್ಲಿನ ಗುಡಿ ತೊಳೆಯಬೇಕು ಅಂತ ಹುಡುಗರು ಹೊರಟಿದ್ದಾರೆ.

ತಡೆಯಿರಿ. ಹರಿಹರದ ಹರಿಹರೇಶ್ವರ ಗುಡಿಯನ್ನು ನೆನೆಸಿಕೊಳ್ಳಿ, 13ನೇ ಶತಮಾನದ ಹೊಯ್ಸಳರ ಕೆಲಸ, ಬಳಪದ ಕಲ್ಲು. ಉಳಿಯಲ್ಲಿ ಕೂದಲೆಳೆ ಕೆತ್ತಲು ಬಂದ ಮೆದು ಕಲ್ಲು ಸೂಜಿ ಧಾರೆಗೂ ಅಷ್ಟೇ ಮೆದು. ನಿಮ್ಮೂರಿನ ಗುಡಿಯೂ ಅಂಥದ್ದೇ ಕಲ್ಲಿನದಿರಬಹುದು. ದುರ್ಗದ ಏಳು ಸುತ್ತಿನ ಕೋಟೆಯದು ಗಟ್ಟಿ ಗ್ರಾನೈಟು, ನಿಜ. ಆದರೆ ಅಲ್ಲಿ ಕಲ್ಲುಗಳ ಸಂದಿ ತೊಳೆದುಹೋದರೆ ಮಳೆನೀರು ಒಳಗಿಳಿಯುತ್ತದೆ. ಅದೂ ಅಲ್ಲದೆ ಸಂರಕ್ಷಿತ ಸ್ಮಾರಕಗಳನ್ನು ಇಲಾಖೆಯ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಹುಡುಗರಿಗೆ ಉತ್ಸಾಹವಿದ್ದರೆ ಗುಡಿ ಮುಂದಿನ ಸಿಮೆಂಟ್ ರಸ್ತೆ ತೊಳೆಯಲಿ.

ಸೋಲಾರ್ ಫಲಕ, ಏಸಿ?

ಎರಡಕ್ಕೂ ಇಲ್ಲ. ಮೆತ್ತನೆ ಬಟ್ಟೆ, ನಲ್ಲಿ ನೀರು.

ದನದ ಕೊಟ್ಟಿಗೆ, ಕೋಳಿ ಶೆಡ್ಡು?

ದನಗಳನ್ನು ಹೊರಗೆ ಕಟ್ಟಿದ ಮೇಲೆ. ಟರ್ಬೊ ಸದ್ದು ಮಾಮೂಲಿ ನಾಜಲ್ಲಿಗಿಂತ ಜಾಸ್ತಿ, ಹಸು ಬೆದರಿ ಹಾಲು ಇಳಿಸದು. ಕೋಳಿ ಶೆಡ್ಡನ್ನು ಒಂದು ಬ್ಯಾಚ್ ಖಾಲಿಯಾಗಿ ಇನ್ನೊಂದು ಬರುವ ನಡುವೆ ತೊಳೆಯಿರಿ, ಮೂಗಿಗೆ ಮಾಸ್ಕ್ ಕಟ್ಟಿ. ಒಣ ಹಿಕ್ಕೆ ಮಂಜಿನ ಹಾಗೆ ಏಳುತ್ತದೆ, ಅದನ್ನು ಉಸಿರಾಡಬಾರದು. ನಿಮ್ಮ ಕಿವಿಗೂ ಇಯರ್ ಪ್ಲಗ್ ಇರಲಿ.

ಕೈಗೆ ಧಾರೆ ತಗುಲಿತು. ಸಣ್ಣ ತೂತು, ರಕ್ತವೂ ಜಾಸ್ತಿ ಬರ್ತಿಲ್ಲ. ಬ್ಯಾಂಡೇಜ್ ಸಾಕಾ?

ಸಾಲದು, ಇದನ್ನು ಓದುವುದು ಬಿಟ್ಟು ಆಸ್ಪತ್ರೆಗೆ ಹೊರಡಿ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ. ಒಳಗೆ ನೀರು, ಗಾಳಿ, ಕೊಳೆ ಚರ್ಮದಡಿ ಸೀಳಿಕೊಂಡು ಹೋಗಿರುತ್ತವೆ. ಮೊದಲು ನೋವೂ ಇರದೆ ಇರಬಹುದು. ಗಂಟೆಗಳು ಕಳೆದಂತೆ ಊತ, ನಂಜು. ತಡಮಾಡಿ ಬೆರಳು ಕಳೆದುಕೊಂಡವರಿದ್ದಾರೆ. ಡಾಕ್ಟರಿಗೆ "ಗಾಯ ಆಗಿದೆ" ಅನ್ನಬೇಡಿ, "ಪ್ರೆಷರ್ ಯಂತ್ರದ ನೀರು ಚರ್ಮದೊಳಗೆ ಹೊಕ್ಕಿದೆ, ಇಷ್ಟು ಬಾರ್" ಅಂತಲೇ ಹೇಳಿ. ಸೋಪೋ ಆ್ಯಸಿಡ್ಡೋ ಇದ್ದರೆ ಅದನ್ನೂ ಹೇಳಿ.

ಇದು ಬಾರದಿರಬೇಕಾದರೆ ನಾಜಲ್ ಬದಲಿಸುವ ಮುಂಚೆ ಯಂತ್ರ ಆಫ್ ಮಾಡಿ, ಟ್ರಿಗರ್ ಒತ್ತಿ ಒಳಗಿನ ಪ್ರೆಷರ್ ಬಿಟ್ಟು, ಟ್ರಿಗರ್ ಲಾಕ್ ಹಾಕಿ. ಕ್ವಿಕ್ ಕನೆಕ್ಟರ್ ಕಾಲರ್ ಪೂರ್ತಿ ಕೂತಿದೆಯಾ ಅಂತ ಒಮ್ಮೆ ಎಳೆದು ನೋಡಿ. ಅರ್ಧ ಕೂತ ನಾಜಲ್ ಗುಂಡಿನ ಹಾಗೆ ಹಾರುತ್ತದೆ. ಹವಾಯಿ ಚಪ್ಪಲಿಯಲ್ಲಿ ನಿಂತು ತೊಳೆಯಬೇಡಿ. ಗಂಬೂಟು ತಗೊಳ್ಳಿ. ಪ್ಲಗ್ ಪಾಯಿಂಟಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ಕೇಳಿ, ಒದ್ದೆ ನೆಲದ ಮೇಲೆ ನಿಂತು ಮಾಡುವ ಕೆಲಸ ಇದು.

ಬಿಸಿನೀರಿನ ಯಂತ್ರಕ್ಕೆ ಇದೇ ನಾಜಲ್ ಆಗುತ್ತಾ?

ಮೈಮೇಲೆ ಎಷ್ಟು ಡಿಗ್ರಿ ಅಂತ ಕೆತ್ತಿದೆಯೋ ಅಷ್ಟಕ್ಕೆ ಮಾತ್ರ. ಸಾಮಾನ್ಯವಾಗಿ ಸಿಗುವವು ತಣ್ಣೀರಿನವು. ಬೇಸಿಗೆಯಲ್ಲಿ ತಾರಸಿಯ ಕಪ್ಪು ಟ್ಯಾಂಕಿನ ನೀರೂ ಸುಡುತ್ತಿರುತ್ತದೆ, ಮಧ್ಯಾಹ್ನ ಅದರಿಂದ ಯಂತ್ರ ನಡೆಸಬೇಡಿ; ನಾಜಲ್ಲಿಗಿಂತ ಮೊದಲು ಪಂಪಿನ ಸೀಲು ಹೋಗುತ್ತದೆ.

ನಾಜಲ್ ಸವೆದಿದೆಯೋ, ಪಂಪು ಸೋತಿದೆಯೋ, ಹೇಗೆ ಗೊತ್ತಾಗುತ್ತೆ?

ಒಂದು ಬಕೆಟ್, ಒಂದು ಗಡಿಯಾರ, ಒಂದು ಗೇಜು. 15 ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು ನೋಡಿ. ನಿಮಿಷಕ್ಕೆ 6.5 ಲೀಟರಿನ ಯಂತ್ರವಾದರೆ ಸುಮಾರು 2 ನಿಮಿಷ 20 ಸೆಕೆಂಡು. ಅಷ್ಟೇ ಹೊತ್ತು ಹಿಡಿದು, ಗೇಜು ಮಾತ್ರ ಕಡಿಮೆ ತೋರಿಸಿದರೆ ತಪ್ಪು ನಾಜಲ್ಲಿನದು: ಪಂಪು ತನ್ನ ಪಾಲಿನ ನೀರು ಕೊಡುತ್ತಿದೆ, ತೂತು ದೊಡ್ಡದಾಗಿ ತಡೆ ಹೋಗಿದೆ. ತೂತಿನ ವಿಸ್ತೀರ್ಣ ನೂರಕ್ಕೆ ಹತ್ತರಷ್ಟು ಹೆಚ್ಚಾದರೂ ಸಾಕು, ಪ್ರೆಷರ್ ನೂರಕ್ಕೆ 17ರಷ್ಟು ಬೀಳುತ್ತದೆ. ಬಕೆಟ್ ತುಂಬಲು ಮೂರು ನಾಲ್ಕು ನಿಮಿಷ ಹಿಡಿದರೆ ನಾಜಲ್ಲಿಗೆ ಬೈಯಬೇಡಿ, ಪಂಪಿನ ವಾಲ್ವು, ಸೀಲು, ಫಿಲ್ಟರ್ ನೋಡಿಸಿ.

ಗೇಜು ಇಲ್ಲದವರಿಗೆ: ಲಾಳಿಕೆಯ ಆಕಾರ ಸೊಟ್ಟಗಾಗಿದ್ದರೆ, ಗನ್ ಹಿಡಿದ ಕೈ ಜುಮುಗುಡುವಷ್ಟು ನಡುಗಿದರೆ, ಗುಂಯ್ ಸದ್ದು ಗರಗರ ಆಗಿದ್ದರೆ ಸೀಟು ಮುಗಿದಿದೆ.

ಒಂದು ನಾಜಲ್ ಎಷ್ಟು ದಿನ ಬರುತ್ತೆ?

ನೀರು, ಕೈ ಎರಡರ ಮೇಲಿದೆ. ಒಂದೇ ದಿನ ಒಂದೇ ಡಬ್ಬದಿಂದ ಇಬ್ಬರಿಗೆ ಕೊಟ್ಟ ನಾಜಲ್‌ಗಳಲ್ಲಿ ಒಂದು ಎರಡೇ ವಾರಕ್ಕೆ ವಾಪಸ್ ಬಂತು, ಸೀಟು ಒಡೆದು. ನೆಲದ ಮೇಲೆ ಬೀಳಿಸಿದ್ದೆ ಅಂತ ಆಮೇಲೆ ಒಪ್ಪಿಕೊಂಡರು. ಇನ್ನೊಂದು ಎರಡು ಭತ್ತದ ಸುಗ್ಗಿ ಕಂಡು ಈಗಲೂ ತಿರುಗುತ್ತಿದೆ. ಅವರ ಮನೆಗೆ ಹೋದಾಗ ನೋಡಿದೆ: ಕೊಟ್ಟಿಗೆಯ ಕಂಬಕ್ಕೆ ಒಂದು ಮೊಳೆ, ಅದಕ್ಕೆ ಹಳೇ ಕಾಲುಚೀಲ, ಅದರೊಳಗೆ ನಾಜಲ್, ಬಾಯಿ ಕೆಳಗೆ.